ನೇರಳೆ ಬಣ್ಣ ಎಲ್ಲಿ ಹೋಯಿತು

ಮೊನ್ನೆ ಶನಿವಾರ ಸಂಜೆ ಅಣ್ಣ ಅಂಗಡಿಗೆ ಬಂದ. ಟೆಂಪೋ ದೂರ ಎಲ್ಲೋ ನಿಲ್ಲಿಸಿ ಬಂದಿದ್ದ, ಹುಬ್ಬಳ್ಳಿಯ ದುರ್ಗದಬೈಲಿನ ಸಂದಿಯೊಳಗೆ ಸೈಕಲ್ ಬರುವುದೇ ಕಷ್ಟ. ಬಂದವನೇ ಬಲಗೈ ನಡುಬೆರಳಿನ ಬೆಳ್ಳಿ ಉಂಗುರವನ್ನು ತಿರುವಿ ತಿರುವಿ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ.

“ನೋಡಲೇ, ಇದರ ಬಣ್ಣ ಎಲ್ಲಿ ಹೋತು?”

ನಾನು ವಾಚ್ ರಿಪೇರಿಯವ. ಅಪ್ಪ ಇದೇ ಮೇಜಿಗೆ ಕುಂತು ಎಚ್‌ಎಂಟಿ ಜನತಾ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಮತ್ತೆ ಕೂಡಿಸುತ್ತಿದ್ದರು. ನನ್ನ ಕೆಲಸ ಮುಕ್ಕಾಲು ಪಾಲು ಸೆಲ್ ಹಾಕುವುದು. ಹರಳಿನ ವಿದ್ಯೆ ನನ್ನದಲ್ಲ. ಆದರೆ ಕಣ್ಣಿಗೆ ಐಗ್ಲಾಸ್ ಇದ್ದವನ ಹತ್ತಿರ ಜನ ಎಲ್ಲ ಸಣ್ಣ ವಸ್ತುಗಳನ್ನೂ ತರುತ್ತಾರೆ.

ಈ ಉಂಗುರ 2016ರದ್ದು. ಆಗ ಅಣ್ಣ ಬಹಳ ಕುಡಿಯುತ್ತಿದ್ದ. ವೈನಿ ಎರಡು ಸಲ ತವರಿಗೆ ಹೋಗಿ ಬಂದಿದ್ದಳು. ಅವ್ವ ಯಾರೋ ಹೇಳಿದ ಜ್ಯೋತಿಷ್ಯದವರ ಹತ್ತಿರ ಹೋದಳು. ಅವರು ಕುಂಡಲಿ ನೋಡಿ, ಶನಿ ಸರಿ ಇಲ್ಲ, ನೀಲ ಹಾಕಬೇಕು, ನೀಲ ತುಟ್ಟಿ, ಅದರ ಬದಲಿಗೆ ಕಟೇಲಾ ನಡೆಯುತ್ತದೆ ಅಂದರಂತೆ. ಕಟೇಲಾ ಅಂದರೆ ಅಮೆಥಿಸ್ಟ್, ನೇರಲ ಹಣ್ಣಿನ ಬಣ್ಣದ ಸ್ಫಟಿಕ. ಪತ್ತಾರರು ಬೆಳ್ಳಿಯಲ್ಲಿ ಕೂಡಿಸಿ ಕೊಟ್ಟರು, ಎಲ್ಲ ಸೇರಿ 1,800 ರೂಪಾಯಿ. ಶನಿವಾರ ಬೆಳಿಗ್ಗೆ ಹಾಲಿನಲ್ಲಿ ತೊಳೆದು ಅವ್ವನೇ ಅಣ್ಣನ ಬೆರಳಿಗೆ ಹಾಕಿದಳು. ಆ ಹೊತ್ತಿಗೆ ಅವನ ಬಾಯಿಂದ ಹಿಂದಿನ ರಾತ್ರಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಆ ಜ್ಯೋತಿಷ್ಯದವರಿಗೆ ಗೊತ್ತಿತ್ತೋ ಇಲ್ಲವೋ, ಕಲ್ಲನ್ನಂತೂ ಸರಿಯಾಗಿಯೇ ಆರಿಸಿದ್ದರು. ಅಮೆಥಿಸ್ಟ್ ಅನ್ನುವ ಗ್ರೀಕ್ ಮೂಲದ ಹೆಸರಿನ ಅರ್ಥವೇ ‘ಅಮಲೇರದ್ದು’. ಇದನ್ನು ಮೈಮೇಲೆ ಧರಿಸಿದರೆ ಎಷ್ಟು ಕುಡಿದರೂ ನಿಶೆ ಏರುವುದಿಲ್ಲ ಎಂದು ಆ ಕಾಲದವರು ನಂಬಿದ್ದರು. ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಹಿಂದೆ ರೋಮಿನ ಬರಹಗಾರ ಪ್ಲಿನಿ ಇದನ್ನು ಮಂತ್ರವಾದಿಗಳ ಸುಳ್ಳು ಎಂದು ಬರೆದಿಟ್ಟ. ಸುಳ್ಳು ಎಂದು ಬರೆದಿಟ್ಟರೆ ಸುಳ್ಳು ನಿಲ್ಲುತ್ತದೆಯೇ? ಹುಬ್ಬಳ್ಳಿ ತನಕ ನಡೆದು ಬಂದಿದೆ.

ಐಗ್ಲಾಸ್ ಹಾಕಿ ನೋಡಿದೆ. ಗಾಜಾಗಿದ್ದರೆ ಒಳಗೆ ದುಂಡನೆ ಗುಳ್ಳೆ ಕಾಣಬೇಕಿತ್ತು, ಇರಲಿಲ್ಲ. ತುಟಿಗೆ ಹಚ್ಚಿದರೆ ತಣ್ಣಗೆ ಹತ್ತಿತು. ಅಮೆಥಿಸ್ಟ್ ಕ್ವಾರ್ಟ್ಜ್ ಜಾತಿಯ ಕಲ್ಲು, ಕ್ವಾರ್ಟ್ಜ್ ಅಂದರೆ ಸ್ಫಟಿಕ. ಗಾಜಿಗಿಂತ ಅದು ತುಟಿಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಹಳೆ ವಾಚಿನ ಗಾಜಿನ ಮೇಲೆ ಅಂಚಿನಿಂದ ಎಳೆದೆ, ಗೀರು ಬಿತ್ತು. ಕಾಠಿಣ್ಯದ ಲೆಕ್ಕದಲ್ಲಿ ವಜ್ರ 10, ಕ್ವಾರ್ಟ್ಜ್ 7, ಗಾಜು ಐದೂವರೆ ಆಸುಪಾಸು. ಅಂದರೆ ಕಲ್ಲು ಖರೇ. ಭೂಮಿಯೊಳಗೆ ಹುಟ್ಟಿದ್ದೋ ಕಾರ್ಖಾನೆಯಲ್ಲಿ ಬೆಳೆಸಿದ್ದೋ ಅನ್ನುವುದು ನನ್ನ ಐಗ್ಲಾಸಿಗೆ ನಿಲುಕದ ಮಾತು. ಬಣ್ಣ ಮಾತ್ರ ನೇರಲದ್ದಲ್ಲ, ಬಟ್ಟೆಗೆ ನೀಲಿ ಹಾಕಿ ಹಿಂಡಿದ ಕೊನೆಯ ನೀರಿನದ್ದು.

“ಅವ್ವ ಏನಂತಾಳ?” ಅಂದೆ.

“ಆಕಿ ಏನಂತಾಳ, ನನ್ನ ಚಟಾ ಎಲ್ಲಾ ಕಲ್ಲು ಎಳಕೊಂಡೈತಂತ. ಅದಕ್ಕ ಬೆಳ್ಳಗಾಗೈತಂತ.”

ನಗು ಬಂತು. ಆದರೆ ಒಂದು ಮಾತು ಒಪ್ಪಲೇಬೇಕು, ಅವ್ವ ಹೇಳಿದ್ದರಲ್ಲಿ ಕಣ್ಣಿಗೆ ಕಾಣುವ ಎರಡೂ ಸಂಗತಿ ನಿಜ. ಕಲ್ಲು ಬೆಳ್ಳಗಾಗಿದೆ. ಅಣ್ಣ ಕುಡಿಯುವುದನ್ನು ಬಿಟ್ಟಿದ್ದಾನೆ.

ನಮ್ಮ ಊರು ಮುಂಡರಗಿ ತಾಲೂಕಿನ ಡೋಣಿ, ಕಪ್ಪತಗುಡ್ಡದ ಬುಡ. ಅಲ್ಲಿಯ ಹೊಲದಲ್ಲಿ ನೇಗಿಲು ಹೊಡೆದರೆ ಬಿಳಿ ಬೆಣಚುಕಲ್ಲು ಮೇಲೇಳುತ್ತವೆ. ಸಣ್ಣವರಿದ್ದಾಗ ಅಣ್ಣ ನನಗೆ ಒಂದು ಆಟ ಕಲಿಸಿದ್ದ. ರಾತ್ರಿ ಇಬ್ಬರೂ ಕೌದಿಯೊಳಗೆ ತಲೆ ಮುಚ್ಚಿಕೊಂಡು ಎರಡು ಬೆಣಚುಕಲ್ಲು ಜೋರಾಗಿ ತಿಕ್ಕುವುದು. ಕಲ್ಲಿನ ಒಳಗೇ ಹಳದಿ ಬೆಳಕು ಮಿಣುಕುತ್ತಿತ್ತು, ಏನೋ ಸುಟ್ಟ ವಾಸನೆ ಬರುತ್ತಿತ್ತು. ಕಿಡಿ ಹೊರಗೆ ಹಾರುವುದಲ್ಲ, ಕಲ್ಲೇ ಒಳಗಿನಿಂದ ಬೆಳಗುವುದು. ನೀರಿನಲ್ಲಿ ಮುಳುಗಿಸಿ ತಿಕ್ಕಿದರೂ ಬೆಳಗುತ್ತದೆ, ಬೇಕಾದರೆ ತಪೇಲಿಯಲ್ಲಿ ಮಾಡಿ ನೋಡಿ. “ಕಲ್ಲಿನ್ಯಾಗ ಮಿಂಚು ಹೊಕ್ಕೈತಲೇ” ಅನ್ನುತ್ತಿದ್ದ. ಅವ್ವ ಕತ್ತಲಲ್ಲೇ ಕೌದಿಯ ಮೇಲಿನಿಂದ ಒಂದು ಗುದ್ದು ಕೊಡುತ್ತಿದ್ದಳು. ಅದು ಯಾವಾಗಲೂ ನನಗೇ ಬೀಳುತ್ತಿತ್ತು.

ಆ ಬೆಣಚುಕಲ್ಲೂ ಈ ಉಂಗುರದ ಹರಳೂ ಒಂದೇ ಜಾತಿ. ಎರಡೂ ಸಿಲಿಕಾನ್ ಮತ್ತು ಆಮ್ಲಜನಕ, ಬೇರೆ ಮುಖ್ಯ ಸಾಮಾನು ಇಲ್ಲ. ಹುಟ್ಟಿದ ರೀತಿ ಬೇರೆ. ನಮ್ಮ ಗುಡ್ಡದ್ದು ಸುಮಾರು 250 ಕೋಟಿ ವರ್ಷದ ಹಿಂದಿನದು. ಭೂಮಿಯ ಆಳದಲ್ಲಿ ಬಂಡೆಗಳು ಬಿರುಕು ಬಿಟ್ಟಾಗ ಸಿಲಿಕಾ ಕರಗಿದ ಬಿಸಿನೀರು ಆ ಬಿರುಕುಗಳಲ್ಲಿ ಏರಿ, ತಣಿದು, ಬಿಳಿ ಪಟ್ಟಿಯಾಗಿ ಹೆಪ್ಪುಗಟ್ಟಿತು. ಕೆಲವು ಕಡೆ ಅದರ ಜೊತೆ ಬಂಗಾರವೂ ಬಂತು. ಡೋಣಿಯ ಹಳ್ಳದಲ್ಲಿ ಜಾಲಗಾರರು ಉಸುಕು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದುದನ್ನು ನಮ್ಮ ಅಜ್ಜ ಹೇಳುತ್ತಿದ್ದ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1874ರಲ್ಲೇ ಈ ದಂಬಳ ಗುಡ್ಡಗಳ ಬಂಗಾರದ ಬಂಡೆಗಳ ಬಗ್ಗೆ ಬರೆದಿದ್ದ. ಮುಂದೆ ಇಂಥ ಹಳೆಯ ಬಂಡೆಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವನೂ ಅವನೇ. ಧಾರವಾಡದವರು ಫೇಡೆಯ ಬಗ್ಗೆ ಪಡುವ ಹೆಮ್ಮೆಯಲ್ಲಿ ಕಾಲುಭಾಗವನ್ನಾದರೂ ಈ ಬಂಡೆಗಳಿಗೆ ಕೊಡಬೇಕು ಅಂತ ನನ್ನ ಅನಿಸಿಕೆ. ಇನ್ನು ಬೆಣಚುಕಲ್ಲು ಹಾಲಿನಂತೆ ಬಿಳಿ ಯಾಕೆ ಅಂದರೆ, ಬೆಳೆಯುವಾಗ ಒಳಗೆ ಸಿಕ್ಕಿಬಿದ್ದ ನೀರಿನ, ಗಾಳಿಯ ಅತಿ ಸಣ್ಣ ಗುಳ್ಳೆಗಳು ಬೆಳಕನ್ನು ಚದುರಿಸುತ್ತವೆ.

ಅಮೆಥಿಸ್ಟ್ ಸಾಮಾನ್ಯವಾಗಿ ಹುಟ್ಟುವುದು ಜ್ವಾಲಾಮುಖಿಯ ಕಲ್ಲಿನಲ್ಲಿ. ಲಾವಾ ಆರುವಾಗ ಒಳಗಿನ ಗಾಳಿಯ ಗುಳ್ಳೆ ಪೊಳ್ಳಾಗಿ ಉಳಿಯುತ್ತದೆ. ಆಮೇಲೆ ನೀರು ಇಳಿದು ಇಳಿದು ಆ ಪೊಳ್ಳಿನ ಗೋಡೆಯಿಂದ ಒಳಮುಖವಾಗಿ ಹರಳು ಬೆಳೆಯುತ್ತವೆ, ಆರು ಮುಖದ ಚೂಪು ಹಲ್ಲುಗಳ ಹಾಗೆ. ಬ್ರೆಜಿಲ್ ಮತ್ತು ಉರುಗ್ವೆಯ ಹೆಸರಾದ ಅಮೆಥಿಸ್ಟ್ ಸುಮಾರು 13 ಕೋಟಿ ವರ್ಷ ಹಳೆಯ ಲಾವಾದ ಪೊಳ್ಳುಗಳಿಂದ ಬರುತ್ತವೆ. ಬೆಳಗಾವಿ, ವಿಜಯಪುರದ ಕಡೆಯ ಕರಿಕಲ್ಲೂ ಲಾವಾನೇ, ಆದರೆ 6.6 ಕೋಟಿ ವರ್ಷದ್ದು. ಅದೇ ಲಾವಾ ಮಹಾರಾಷ್ಟ್ರದ ಜಳಗಾಂವ್, ನಾಸಿಕ್ ಕಡೆ ಕ್ವಾರಿಗಳಲ್ಲಿ ಒಡೆದಾಗ ಎಂಥೆಂಥ ಹರಳು ಬೀಳುತ್ತವೆಂದರೆ ಲೋಕದ ಮ್ಯೂಸಿಯಂಗಳೆಲ್ಲ ತರಿಸಿಕೊಂಡಿವೆ.

ಈಗ ಬಣ್ಣದ ಮಾತು. ಹರಳು ಬೆಳೆಯುವಾಗ ಸಿಲಿಕಾನ್ ಕೂಡಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಕಬ್ಬಿಣದ ಪರಮಾಣು ಕುಂತುಬಿಡುತ್ತದೆ. ಅಷ್ಟಕ್ಕೇ ನೇರಳೆ ಬರುವುದಿಲ್ಲ. ಸುತ್ತಲಿನ ಬಂಡೆಯಲ್ಲಿ ಪೊಟ್ಯಾಸಿಯಂನಂಥ ಧಾತುಗಳ ವಿಕಿರಣ ಇರುತ್ತದಲ್ಲ, ಅದು ಲಕ್ಷಗಟ್ಟಲೆ ವರ್ಷ ತಾಗಿ ತಾಗಿ ಆ ಕಬ್ಬಿಣದಿಂದ ಒಂದೊಂದು ಎಲೆಕ್ಟ್ರಾನ್ ಕಸಿಯಬೇಕು. ಆಗ ನೇರಳೆ. ಕಸಿದ ಎಲೆಕ್ಟ್ರಾನ್ ಮರಳಿ ಬಂದರೆ ಬಣ್ಣ ಹೋಯಿತು. ಮರಳಿಸುವುದು ಕಾವು, ಕೆಲವು ಹರಳುಗಳಲ್ಲಿ ಬಹಳ ದಿನದ ಕಡು ಬಿಸಿಲೂ ಸಾಕು. ಬೆಸುಗೆ ಹಾಕುವ ಮೊದಲು ಪತ್ತಾರರು ಹರಳು ಬಿಚ್ಚಿ ಪಕ್ಕಕ್ಕಿಡುವುದು ಸುಮ್ಮನಲ್ಲ.

ನಾನೂರು, ಐನೂರು ಡಿಗ್ರಿ ಕಾಸಿದರೆ ಬಹಳಷ್ಟು ಅಮೆಥಿಸ್ಟ್ ಹಳದಿಯಾಗುತ್ತವೆ. ಪೇಟೆಯಲ್ಲಿ ಸಿಟ್ರಿನ್ ಅಂತ ಮಾರುವ ಹಳದಿ ಹರಳುಗಳಲ್ಲಿ ಬಹುಪಾಲು ಹೀಗೆ ಕಾಸಿದವೇ. ಅದನ್ನು ನಮ್ಮ ಹರಳಿನ ಅಂಗಡಿಗಳಲ್ಲಿ ಸುನೇಲಾ ಅನ್ನುತ್ತಾರೆ, ಪುಷ್ಯರಾಗದ ಬದಲಿಗೆ ಗುರುಬಲಕ್ಕೆ ಕೊಡುತ್ತಾರೆ. ಅಂದರೆ ಭಟ್ಟಿಯೊಳಗೆ ಹೋಗುವಾಗ ಶನಿಯ ಕಲ್ಲು, ಹೊರಗೆ ಬರುವಾಗ ಗುರುವಿನ ಕಲ್ಲು. ಅವ್ವನಿಗೆ ಇದನ್ನು ಹೇಳಿದ್ದೆ. “ಮತ್ತ ಬೆಂಕಿಯೊಳಗ ಹೊಕ್ಕು ಬಂದ್ರ ಮನಷಾನೂ ಬದಲಾಗ್ತಾನ” ಅಂದಳು. ನನ್ನ ಬಾಯಿ ಬಂದಾಯಿತು.

ಅಣ್ಣ ಹುಬ್ಬಳ್ಳಿ, ಗದಗ, ಕೊಪ್ಪಳ ಅಂತ ಟೆಂಪೋ ಹೊಡೆಯುತ್ತಾನೆ. ಎಡಗೈ ಸ್ಟೇರಿಂಗ್ ಮೇಲೆ, ಬಲಗೈ ಕಿಟಕಿಯ ಮೇಲೆ. ಅವನ ಬಲಗೈ ಮೊಣಕೈ ತನಕ ಕರ್ರಗೆ, ಎಡಗೈ ಅದಕ್ಕಿಂತ ಎರಡು ಪಟ್ಟು ತಿಳಿ. ಇಷ್ಟು ವರ್ಷ ದಿನಾ ಐದಾರು ತಾಸು ಬಯಲುಸೀಮೆಯ ಬಿಸಿಲು. ಅದೇ ಬಿಸಿಲು ಅವನ ಕೈಯನ್ನು ಕಪ್ಪು ಮಾಡಿತು, ಹರಳನ್ನು ಬಿಳಿ ಮಾಡಿತು.

ಅವನು ಬಿಟ್ಟದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಉಂಗುರ ಹಾಕಿದ ಮೇಲೆ ನಾಲ್ಕು ತಿಂಗಳು ಬಿಟ್ಟಿದ್ದ. ಐದನೇ ತಿಂಗಳು ಒಂದು ಮದುವೆಗೆ ಹೋಗಿ ಬಂದ, ಮತ್ತೆ ಶುರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ದಾರೂ ಅಂಗಡಿ ಬಂದಾದವು. ಎರಡನೇ ದಿನ ಅಣ್ಣನ ಕೈ ನಡುಗಲಿಕ್ಕೆ ಹತ್ತಿತು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿದಾಡುತ್ತಿವೆ ಅಂತ ಎದ್ದು ಕೂತು ಕೈಯಿಂದ ಒರೆಸುತ್ತಿದ್ದ. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಒರೆಸುವ ಕೈಯಲ್ಲಿ ಇದೇ ಉಂಗುರ ಇತ್ತು. ಪೊಲೀಸರಿಗೆ ಹೇಳಿ, ಪರಿಚಯದವರ ಕಾರು ಮಾಡಿಕೊಂಡು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಯ್ದೆವು. ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ, ಔಷಧಿ ಕೊಟ್ಟು ಡಾಕ್ಟರ ಕಣ್ಣೆದುರಿಗೇ ಬಿಡಿಸಬೇಕು ಅನ್ನುವುದು ನಮಗೆ ಅಲ್ಲಿ ತಿಳಿಯಿತು. ಮೇ 4ಕ್ಕೆ ಅಂಗಡಿ ತೆರೆದು ಮೈಲುದ್ದ ಸರದಿ ನಿಂತಾಗ ಅಣ್ಣ ಮನೆಯಲ್ಲಿ ಗುಳಿಗೆ ನುಂಗಿ ಮಲಗಿದ್ದ. ಆಮೇಲೂ ಒಂದೂವರೆ ವರ್ಷ ತಿಂಗಳಿಗೊಮ್ಮೆ ಧಾರವಾಡ. ವೈನಿ ತಪ್ಪದೆ ಜೊತೆಗೆ ಹೋದಳು. ಮಗ್ಗಲಿನ ಮನೆಯವರು “ಹುಚ್ಚರ ದವಾಖಾನಿ” ಅಂದಾಗ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸ್ಫಟಿಕ ಕಂಪಿಸುತ್ತದೆ, ಅದರ ಕಂಪನ ದೇಹಕ್ಕೆ ಹೊಂದಿ ರೋಗ ಹೋಗುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದ ಗಿರಾಕಿಗಳು ನನಗೆ ಹೇಳುತ್ತಾರೆ. ಅದೇ ಹೊತ್ತಿಗೆ ನನ್ನ ಚಿಮಟಾದಲ್ಲಿ ಕ್ವಾರ್ಟ್ಜ್ ಇರುತ್ತದೆ. ಜೀರಿಗೆ ಕಾಳಿಗಿಂತ ತುಸು ದೊಡ್ಡದಾದ ತಗಡಿನ ಡಬ್ಬಿ, ಅದರೊಳಗೆ ಎರಡು ಕವಲಿನ ಫೋರ್ಕ್‌ನಂತೆ ಕತ್ತರಿಸಿದ ಸ್ಫಟಿಕ. ಒತ್ತಿದರೆ ಈ ಕಲ್ಲಿನಲ್ಲಿ ವಿದ್ಯುತ್ ಹುಟ್ಟುತ್ತದೆ ಅಂತ 1880ರಲ್ಲಿ ಕ್ಯೂರಿ ಸಹೋದರರು ಕಂಡರು. ವಿದ್ಯುತ್ ಕೊಟ್ಟರೆ ಕಲ್ಲು ಅಲುಗುತ್ತದೆ ಅನ್ನುವುದು ಅದರ ಮಗ್ಗುಲು. ವಾಚಿನಲ್ಲಿ ಅದು ಸೆಕೆಂಡಿಗೆ ಸರಿಯಾಗಿ 32,768 ಸಲ ಅಲುಗುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ, ಆಗ ಸೆಕೆಂಡ್ ಮುಳ್ಳು ಒಂದು ಹೆಜ್ಜೆ. 1969ರಲ್ಲಿ ಸೀಕೋ ಇಂಥ ಮೊದಲ ಕೈಗಡಿಯಾರ ಮಾರಿತು, ಮುಂದೆ ಅಪ್ಪನ ಅರ್ಧ ಕಸುಬು ಇದರಿಂದಲೇ ಹೋಯಿತು. ಕಂಪನ ಖರೇ ಇದೆ ರೀ. ಆದರೆ ಸೆಲ್ ತೆಗೆದ ಗಳಿಗೆಗೆ ಅದು ಬರೀ ಕಲ್ಲು. ಕರೆಂಟು ಕೊಡದೆ ತಾನಾಗಿ ಅಲುಗಿದ್ದಿದ್ದರೆ ನಾನು ಸೆಲ್ ಮಾರಿ ಬದುಕಬೇಕಾಗಿರಲಿಲ್ಲ.

ಹಾಕಿದ ದಿನ ಬೆರಳು ಬೆಚ್ಚಗಾಗಿತ್ತು, ಮೈಯಲ್ಲಿ ಜುಮ್ಮೆಂದಿತು ಅಂತ ಅಣ್ಣ ಅಂದಿದ್ದ. ಸುಳ್ಳು ಹೇಳಿರಲಿಕ್ಕಿಲ್ಲ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕ್ರಿಸ್ಟೋಫರ್ ಫ್ರೆಂಚ್ ಎಂಬ ಮನಶ್ಶಾಸ್ತ್ರಜ್ಞ ಎಂಬತ್ತು ಜನರ ಕೈಗೆ ಸ್ಫಟಿಕ ಕೊಟ್ಟು ಪರೀಕ್ಷೆ ಮಾಡಿದ್ದರು, ಅರ್ಧದಷ್ಟು ಜನರಿಗೆ ನಕಲಿ ಕಲ್ಲು. ನಕಲಿ ಹಿಡಿದವರಿಗೂ ಅದೇ ಬಿಸಿ, ಅದೇ ಜುಮ್ಮು.

ಈ ಕಲ್ಲಿನಿಂದ ಮೈಗೆ ಖಾತ್ರಿಯಾಗಿ ಆಗುವುದು ಒಂದಿದೆ, ಅದನ್ನು ಯಾವ ವಿಡಿಯೋದವರೂ ಹೇಳುವುದಿಲ್ಲ. ಗುಜರಾತಿನ ಖಂಬಾತದಲ್ಲಿ ಇದರದೇ ಬಳಗದ ಅಕೀಕ ಕಲ್ಲನ್ನು ಮಣಿಗಾಗಿ ಅರೆಯುವವರ ಪುಪ್ಪುಸಕ್ಕೆ ಆ ಧೂಳು ಹೊಕ್ಕು ಸಿಲಿಕೋಸಿಸ್ ಆಗುತ್ತದೆ. ಅದು ವಾಸಿಯಾಗುವ ರೋಗವಲ್ಲ. ಕೊರಳಲ್ಲಿ ಸ್ಫಟಿಕದ ಮಣಿ ಕಂಡಾಗೆಲ್ಲ ನನಗೆ ಆ ಕಡೆಯ ಕೆಮ್ಮು ನೆನಪಾಗುತ್ತದೆ.

ಇದನ್ನೆಲ್ಲ ಅಣ್ಣನಿಗೆ ಹೇಳಲಿಲ್ಲ. ಬಿಸಿಲಿಗೆ ಹೋಗಿದೆ ಅಂದೆ ಅಷ್ಟೇ. ಅವನು ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡು, “ಹೌದಲ್ಲ” ಅಂದ. ಬೇರೆ ಹರಳು ಕೂಡಿಸಲೇನು ಅಂದರೆ ಬೇಡ ಅಂದ. ಸೋಪಿನ ನೀರಲ್ಲಿ ಹಳೆ ಬ್ರಷ್ಷಿನಿಂದ ತಿಕ್ಕಿ ಕೊಟ್ಟೆ, ಬೆಳ್ಳಿ ಹೊಳೆಯಿತು. ಮತ್ತೆ ಅದೇ ಬೆರಳಿಗೆ ಹಾಕಿಕೊಂಡ.

“ಯಾಕೋ, ಇನ್ನೂ ಹಾಕ್ಕೋತೀಯೇನು?”

“ಅವ್ವ ಊಟಕ್ಕ ನೀಡುವಾಗ ಮೊದಲು ಬೆರಳು ನೋಡ್ತಾಳಲೇ.”

ರಾತ್ರಿ ಮನೆಗೆ ಹೋದಾಗ ಅವ್ವ ನನಗಾಗಿ ಕಾಯುತ್ತಿದ್ದಳು. ವೈನಿಯ ಮೊಣಕಾಲು ಹಿಡಿದುಕೊಂಡಿದೆಯಂತೆ. ಗುಲಾಬಿ ಬಣ್ಣದ ಸ್ಫಟಿಕ ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ, ಖರೇದ್ದೋ ಅಲ್ಲೋ ನೀನೇ ಐಗ್ಲಾಸ್ ಹಾಕಿ ನೋಡಿ ತಾ ಅಂದಳು.