ಚಾವಣಿಯ ಒಂದು ತಿರುಪು

ಇವತ್ತು ಕರಾಥಾ ಊರಿನ ಮನೆ ನಕ್ಷೆಯೊಂದನ್ನು ನೋಡುತ್ತಿದ್ದೆ. ಕಣ್ಣು ನಿಂತದ್ದು ಚಾವಣಿಯ ತಿರುಪಿನ (ಸ್ಕ್ರೂ) ಮೇಲೆ.

ಊರು ಇರುವುದು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಕರಾವಳಿಯಲ್ಲಿ. ಪರ್ತ್‌ನಿಂದ ರಸ್ತೆಯಲ್ಲಿ ಸುಮಾರು 1,500 ಕಿ.ಮೀ. ಕಟ್ಟಡ ನಿಯಮಗಳ ಪ್ರಕಾರ ದೇಶದ ಅತಿ ಕಠಿಣ ಗಾಳಿ ವಲಯ, 'ಡಿ'.

ಅಲ್ಲಿ ತಗಡಿಗೆ ಬರೀ ತಿರುಪು ಸಾಲದು, ತಲೆಯಡಿ ಅಗಲವಾದ ವಾಷರ್ ಬೇಕು. ಚಂಡಮಾರುತ ಒಂದೇ ಏಟಿಗೆ ಕಿತ್ತೊಯ್ಯುವುದಿಲ್ಲ. ಗಂಟೆಗಟ್ಟಲೆ ಎತ್ತಿ ಎತ್ತಿ ಬಿಡುತ್ತದೆ. ತೂತಿನ ಸುತ್ತ ತಗಡು ಬಿರಿಯುತ್ತದೆ, ಆಮೇಲೆ ತಿರುಪು ಅಲ್ಲೇ ಉಳಿದು ಶೀಟು ಹಾರುತ್ತದೆ. 1974ರ ಕ್ರಿಸ್‌ಮಸ್‌ನಲ್ಲಿ ಟ್ರೇಸಿ ಚಂಡಮಾರುತ ಡಾರ್ವಿನ್ ನಗರವನ್ನು ಕೆಡವಿ ಕಲಿಸಿದ ಪಾಠ ಇದು. ಶೀಟು, ರೀಪು, ತೊಲೆ, ಗೋಡೆ, ಅಡಿಪಾಯ... ಈ ಹಿಡಿತ ಎಲ್ಲೂ ಸಡಿಲಬಾರದು.

ಸಾಮಾನು ದೂರದಿಂದ ಬರಬೇಕು, ಕೆಲಸದವರೂ ಅಷ್ಟೇ. ಮನೆ ದುಬಾರಿಯಾಗದೆ ಇನ್ನೇನು?

ಇಲ್ಲಿನ ಕಬ್ಬಿಣದ ಅದಿರಿಗೆ, ಗ್ಯಾಸಿಗೆ ಬೇಡಿಕೆ ಏರಿದರೆ ಕೆಲಸಕ್ಕೆ ಜನ ತಿಂಗಳುಗಳಲ್ಲಿ ಬರುತ್ತಾರೆ. ಮನೆ ಏಳಲು ವರ್ಷಗಳು ಬೇಕು. ಬಾಡಿಗೆ ಜಿಗಿಯುತ್ತದೆ. ಬೇಡಿಕೆ ಇಳಿದಾಗ ಹಳೇ ಮನೆಯ ಬೆಲೆ ಹೊಸದನ್ನು ಕಟ್ಟುವ ಖರ್ಚಿಗಿಂತ ಕೆಳಗೆ ಬೀಳುತ್ತದೆ, ಆಗ ಯಾರೂ ಕಟ್ಟುವುದಿಲ್ಲ. ಮುಂದಿನ ಏರಿಕೆಗೆ ಮತ್ತೆ ಅದೇ ಕೊರತೆ.

ಈ ಊರು 1968ರಲ್ಲಿ ಹುಟ್ಟಿದ್ದೇ ಪಕ್ಕದ ಬಂದರು ಊರು ಡ್ಯಾಂಪಿಯರ್‌ನಲ್ಲಿ ಜಾಗ ಸಾಲದೆ!

ಇನ್ನೊಂದು ಮಾತು. ವಿಮಾನದಲ್ಲಿ ಬಂದು ಪಾಳಿ ಮುಗಿಸಿ ಹೋಗುವ ಕೆಲಸಗಾರರು ಜನಗಣತಿಯಲ್ಲಿ ತಮ್ಮ ಸ್ವಂತ ಊರಿನ ನಿವಾಸಿಗಳು. ಆದರೆ ಕುಡಿಯುವ ನೀರು, ಒಳಚರಂಡಿ, ಆಸ್ಪತ್ರೆಯ ಅಳತೆ ಹಾಕುವಾಗ ಅವರನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಬಾಡಿಗೆ ಏರಿದಾಗ ಮೊದಲು ಊರು ಬಿಡುವವರು ಅಂಗಡಿ, ಶಿಶುವಿಹಾರಗಳಲ್ಲಿ ದುಡಿಯುವವರು.