ಕ್ವಾರಿಯ ನೆರೆಯಲ್ಲಿ ಓದಿದ ವರ್ಷಗಳು

ಚಿತ್ರದುರ್ಗದಿಂದ ದಾವಣಗೆರೆಯತ್ತ ಸಾಗುವ ಹೆದ್ದಾರಿಗೆ ಸಮೀಪವಿರುವ ನಮ್ಮ ಪ್ರೌಢಶಾಲೆಗೆ 1999ರಲ್ಲಿ ನಾನು ಎಂಟನೆಯ ತರಗತಿಗೆ ಸೇರಿದಾಗ, ಊರಿನ ಮೂಡಲಿಗಿದ್ದ ಕಲ್ಲುಗುಡ್ಡದಲ್ಲಿ ಇನ್ನೂ ಕೈಯಿಂದಲೇ ಕಲ್ಲು ಒಡೆಯುತ್ತಿದ್ದರು. ನನ್ನ ತರಗತಿಯಲ್ಲಿದ್ದ ಭೋವಿ ಸಮುದಾಯದ ಗೆಳೆಯರ ಮನೆಯವರು ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಅವುಗಳಲ್ಲಿ ಉಳಿ ಇಟ್ಟು, ಒಂದೊಂದರ ಮೇಲೂ ಸರದಿಯಂತೆ ಸುತ್ತಿಗೆಯ ಪೆಟ್ಟು ಹಾಕುತ್ತ ಬಂಡೆಯನ್ನು ನೇರ ಗೆರೆಯಲ್ಲಿ ಸೀಳುತ್ತಿದ್ದರು. ಚಿತ್ರದುರ್ಗದ ಕೋಟೆಯ ಬಂಡೆಗಳಲ್ಲಿಯೂ ಅಂಥದೇ ಗುಳಿಗಳ ಸಾಲು ಕಾಣುತ್ತದೆ; ನಾಯಕರ ಕಾಲದ ಆ ವಿದ್ಯೆ ನಮ್ಮ ಸಹಪಾಠಿಗಳ ತಂದೆಯರ ಕೈಯಲ್ಲಿ ಉಳಿದಿತ್ತು ಎಂಬುದನ್ನು ಗೌರವದಿಂದ ನೆನೆಯುತ್ತೇನೆ. ಊರಿನಲ್ಲಿ ಯಾರಾದರೂ ಮನೆ ಕಟ್ಟಲು ಹೊರಟರೆ ಪಾಯದ ಸೈಜುಗಲ್ಲಿಗೆ ಆ ಗುಡ್ಡಕ್ಕೇ ಹೋಗುತ್ತಿದ್ದರು. ಕಲ್ಲು ಒಡೆಯುವವರೂ ಕೊಳ್ಳುವವರೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದುದರಿಂದ, ತಕರಾರು ಬಂದರೂ ಸಂಜೆಯೊಳಗೆ ಕಟ್ಟೆಯ ಮೇಲೆ ಮಾತಾಡಿ ಮುಗಿಸುತ್ತಿದ್ದರು.

ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಂದಿನ ರಾಷ್ಟ್ರೀಯ ಹೆದ್ದಾರಿ 4, ಅಂದರೆ ಇಂದಿನ 48, ಅಗಲವಾಗತೊಡಗಿದಾಗ ಜಲ್ಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಗುಡ್ಡದ ಗುತ್ತಿಗೆ ಹೊರಗಿನವರೊಬ್ಬರಿಗೆ ಹೋಯಿತು. ಬಂಡೆ ಕೊರೆಯುವ ಕಂಪ್ರೆಸರ್, ಕಲ್ಲನ್ನು ಜಲ್ಲಿಯಾಗಿ ಒಡೆಯುವ ಕ್ರಷರ್, ಟಿಪ್ಪರುಗಳು ಬಂದವು. ಉಳಿ ಸುತ್ತಿಗೆಯ ಜಾಗದಲ್ಲಿ ಮದ್ದು ಸಿಡಿಯತೊಡಗಿತು. ಕೆಲವರಿಗೆ ದಿನಗೂಲಿ ದೊರೆಯಿತು, ಹೆದ್ದಾರಿಯ ಬದಿಯಲ್ಲಿ ಹೋಟೆಲುಗಳಾದವು, ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಅದೇ ಹೊತ್ತಿಗೆ ಈರುಳ್ಳಿ ಹೊಲಗಳ ಮೇಲೆ ಬೂದುಬಣ್ಣದ ದೂಳು ಕೂರತೊಡಗಿತು, ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಬಿರುಕು ಬಿಟ್ಟವು, ಮತ್ತು ಮದ್ದು ಸಿಡಿಯುವ ಹೊತ್ತು ಯಾವುದೆಂದು ಯಾರಿಗೂ ತಿಳಿಯದಾಯಿತು. ನನ್ನ ಮಟ್ಟಿಗೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಕೇಡು. ಸದ್ದನ್ನು ಮನುಷ್ಯ ಸಹಿಸಿಕೊಳ್ಳಬಲ್ಲ, ಯಾವ ಕ್ಷಣಕ್ಕೆ ಬರುತ್ತದೆಂದು ತಿಳಿಯದ ಸದ್ದನ್ನು ಹಸುಗೂಸೂ ಸಹಿಸದು, ಕರೆಯುವ ಎಮ್ಮೆಯೂ ಸಹಿಸದು.

ಇಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರನ್ನು ನೆನೆಯಲೇಬೇಕು. ಶಬ್ದದ ಪಾಠ ನಡೆಯುತ್ತಿದ್ದ ದಿನಗಳಲ್ಲಿ ಅವರು ಕಿಟಕಿಯ ಕಟ್ಟೆಯ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು, ಸಿಡಿತದ ನಡುಕ ನೆಲದೊಳಗಿನಿಂದ ಮೊದಲು ಬರುವುದನ್ನೂ ಸದ್ದು ಗಾಳಿಯಲ್ಲಿ ಅನಂತರ ಬರುವುದನ್ನೂ ತೋರಿಸಿದರು. ಆಮೇಲೆ ಒಂದು ರಿಜಿಸ್ಟರ್ ತೆರೆಸಿದರು. ಸಿಡಿತ ಎಷ್ಟು ಗಂಟೆಗೆ ಆಯಿತು, ಮುಂಚೆ ಸೈರನ್ ಕೇಳಿಸಿತೇ, ಗಾಳಿ ಯಾವ ದಿಕ್ಕಿಗಿತ್ತು, ಯಾರ ಗೋಡೆಯ ಬಿರುಕು ಎಷ್ಟು ಬೆಳೆಯಿತು ಎಂಬುದನ್ನು ಹತ್ತನೆಯ ತರಗತಿಯವರು ಬರೆಯುವುದು, ನಾವು ಕಿರಿಯರು ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಹಾಕುವುದು. ಅನ್ನಿಸಿದ್ದನ್ನು ಬರೆಯಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯವು 1997ರಲ್ಲಿಯೇ ಸಿಡಿತದ ನಡುಕಕ್ಕೆ ಮಿತಿ ಹಾಕಿತ್ತು, ನೆರೆಯ ಸಾಮಾನ್ಯ ಮನೆಗಳ ಬಳಿ ಕಡಿಮೆ ಆವರ್ತನದ ಕಂಪನವು ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದೆಂದು ಅದರಲ್ಲಿದೆ ಎಂಬುದು ನನಗೆ ತಿಳಿದದ್ದು ಇಂಜಿನಿಯರಿಂಗ್ ಓದುವಾಗ. ಆ ಅಳತೆಯ ಯಂತ್ರ ನಮ್ಮ ಶಾಲೆಯಲ್ಲಿರಲಿಲ್ಲ. ಲೋಟವೂ ಪೆನ್ಸಿಲೂ ಇದ್ದವು.

ಕ್ವಾರಿಯ ಮಾಲೀಕರು ಕೆಟ್ಟವರಾಗಿರಲಿಲ್ಲ. ಊರ ಜಾತ್ರೆಗೆ ಹಣ ಕೊಡುತ್ತಿದ್ದರು, ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಟ್ಟರು. ತೊಡಕು ಹುಟ್ಟಿದ್ದೇ ಅಲ್ಲಿ. ಗ್ರಾಮಸಭೆಯಲ್ಲಿ ರಿಜಿಸ್ಟರನ್ನು ಮುಂದಿಟ್ಟಾಗ ಹಿರಿಯರೊಬ್ಬರು ಎದ್ದು, “ಶಾಲೆ ಕಟ್ಟಿಸಿಕೊಟ್ಟೋರ್ನ ಯಾವ ಬಾಯಾಗೆ ಕೇಳಾದು ಮೇಷ್ಟ್ರೇ?” ಎಂದರು. ಸಭೆಯಲ್ಲಿದ್ದ ಬಹಳ ಮಂದಿಯ ಮನಸ್ಸಿನಲ್ಲಿದ್ದ ಮಾತು ಅದು. ನಮ್ಮ ಹೆಡ್‌ಮೇಷ್ಟ್ರು ಕೊಟ್ಟ ಉತ್ತರ ನನಗೆ ಇಂದಿಗೂ ಬಾಯಿಪಾಠವಾಗಿದೆ: “ಕೊಠಡಿಗೆ ಕೃತಜ್ಞತಾ ಪತ್ರ ಬರೆಯೋಣ ಯಜಮಾನರೇ, ಸೈರನ್ನಿಗೆ ಅರ್ಜಿ ಬರೆಯೋಣ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದು ಬೇಡ.” ಅಂತೆಯೇ ಎರಡು ಕಾಗದಗಳು ಹೋದವು. ಶಾಲೆ ಬಿಟ್ಟ ಮೇಲೆ, ಗೊತ್ತಾದ ಒಂದೇ ಹೊತ್ತಿಗೆ ಸಿಡಿತ ಎಂದಾಯಿತು. ಮುಂಚೆ ಮೂರು ಬಾರಿ ಸೈರನ್. ಟಿಪ್ಪರುಗಳಿಗೆ ಟಾರ್ಪಾಲಿನ್ ಹೊದಿಕೆ.

ರಸ್ತೆಗೆ ನೀರು ಹಾಕುವ ವಿಷಯ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ದೂಳು ಅಡಗಿಸಲು ಕೊಳವೆಬಾವಿಯ ನೀರೆತ್ತಿದರೆ ಪಕ್ಕದ ಹೊಲದ ಕೊಳವೆಬಾವಿ ಸೋಲುತ್ತದೆ ಎಂಬ ರೈತರ ಆತಂಕ ಹುಸಿಯಾಗಿರಲಿಲ್ಲ. ಕ್ವಾರಿಯ ಹಳೆಯ ಗುಂಡಿಯಲ್ಲಿ ನಿಂತ ಮಳೆನೀರನ್ನೇ ಟ್ಯಾಂಕರಿಗೆ ತುಂಬಬೇಕೆಂದು ಮಾತಾಗಿ, ಬೇಸಿಗೆಯಲ್ಲಿ ಅದೂ ಬತ್ತಿದಾಗ ಟಿಪ್ಪರುಗಳ ಓಡಾಟವನ್ನೇ ತಗ್ಗಿಸುವುದೆಂದು ಒಪ್ಪಿಗೆಯಾಯಿತು. ಎಲ್ಲ ವರ್ಷವೂ ಅದನ್ನು ಪಾಲಿಸಿದರೆಂದು ಹೇಳಲಾರೆ.

ಊರಿನ ಮನೆಗಳಿಗೆ ದೊರೆತ ಈ ಗಮನ ಕ್ವಾರಿಯೊಳಗೆ ದುಡಿಯುತ್ತಿದ್ದವರಿಗೆ ದೊರೆಯಲಿಲ್ಲ ಎಂಬ ನೋವು ನನ್ನಲ್ಲಿ ಉಳಿದಿದೆ. ಒಣ ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ದೂಳಿನ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಕಲೆಗಟ್ಟುತ್ತವೆ. ಹಾಗೆ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆಯಲ್ಲ, ಅನೇಕ ಬಾರಿ ಅದನ್ನು ಕ್ಷಯವೆಂದೇ ತಿಳಿದು ಔಷಧ ಕೊಡುತ್ತಾರೆ. ಕೊರೆಯುವ ಜಾಗಕ್ಕೆ ನೀರು ಹಾಯಿಸಿದರೆ ದೂಳು ಬಹುಪಾಲು ಅಲ್ಲಿಯೇ ಅಡಗುತ್ತದೆ. ನನ್ನ ಗೆಳೆಯನೊಬ್ಬನ ತಂದೆ ವರ್ಷಗಟ್ಟಲೆ ಕಂಪ್ರೆಸರ್ ಹಿಡಿದು, ಕೆಮ್ಮಿ ಕೆಮ್ಮಿ ಸೊರಗಿ ತೀರಿಕೊಂಡರು. ಅವರಿಗೆ ಇದ್ದ ಕಾಯಿಲೆ ಯಾವುದೆಂದು ಯಾರೂ ಪರೀಕ್ಷಿಸಿ ಹೇಳಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಗೋಡೆಗಳ ಬಿರುಕಿಗೆ ಅಂಕಣವಿತ್ತು, ಕೆಲಸಗಾರರ ಕೆಮ್ಮಿಗೆ ಇರಲಿಲ್ಲ.

ಈಗ ನಾನು ಸಿವಿಲ್ ಇಂಜಿನಿಯರ್. ಜಲ್ಲಿ, ಕಲ್ಲು ಪುಡಿಮಾಡಿ ತಯಾರಿಸುವ ಮರಳಾದ ಎಂ-ಸ್ಯಾಂಡ್ ಇಲ್ಲದೆ ನನ್ನ ಕೆಲಸ ಸಾಗದು. ಆದ್ದರಿಂದ ಕ್ವಾರಿಗಳನ್ನೆಲ್ಲ ಮುಚ್ಚಿರೆಂದು ನಾನು ಹೇಳುವುದಿಲ್ಲ. ಆದರೆ ನೆರೆಯವರಿಗೆ ಸಲ್ಲಬೇಕಾದದ್ದು ಮಾಲೀಕರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿ ಈಗ ಉಳಿದಿಲ್ಲ. ಕ್ರಷರುಗಳು ಸುರಕ್ಷಿತ ವಲಯದಲ್ಲಿಯೇ ಇರಬೇಕೆಂದು 2011ರ ರಾಜ್ಯ ಕಾಯ್ದೆ ಹೇಳುತ್ತದೆ. 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶಿಸಿತು. ಕೇಂದ್ರದ ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಸಲ್ಲಬೇಕಾದದ್ದು. ಹೀಗಿದ್ದೂ 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಜೀವಗಳು ಹೋದವು, ತಿಂಗಳು ಕಳೆಯುತ್ತಲೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೆ ಆರು ಜನ ಸತ್ತರು. ಮದ್ದು ಎಲ್ಲಿಡುತ್ತಾರೆ, ಯಾರು ಸಿಡಿಸುತ್ತಾರೆ, ಅವರಿಗೆ ಪರವಾನಗಿ ಇದೆಯೇ ಎಂದು ಕೇಳುವುದು ನೆರೆಯ ಊರಿನ ಹಕ್ಕು.

ನಮ್ಮ ಊರಿನ ಕ್ವಾರಿಯ ಗುತ್ತಿಗೆ ಮುಗಿದಿದೆ. ಬೇಲಿಯಿಲ್ಲದ ಆ ಆಳದ ಗುಂಡಿಯಲ್ಲಿ ನೀರು ನಿಂತಿದೆ, ರಜೆಯ ದಿನಗಳಲ್ಲಿ ಶಾಲೆಯ ಮಕ್ಕಳು ಈಜಲು ಇಳಿಯುತ್ತಾರೆ. ಬಂಡೆಯ ಅಂಚು ಕಡಿದಾಗಿರುವುದರಿಂದ ದಣಿದವರಿಗೆ ಹತ್ತಿಬರಲು ಹಿಡಿತವೇ ಸಿಗದು. ಸುತ್ತ ತಂತಿಬೇಲಿ, ಒಂದು ಕಡೆ ಮೆಟ್ಟಿಲು, ಎಚ್ಚರಿಕೆಯ ಫಲಕ ಬೇಕೆಂದು ಗ್ರಾಮ ಪಂಚಾಯಿತಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಹಳೆಯ ವಿದ್ಯಾರ್ಥಿಗಳ ಪರವಾಗಿ ಅರ್ಜಿ ಸಿದ್ಧಪಡಿಸಿದ್ದೇವೆ. ಅದರ ಪ್ರತಿಯನ್ನು ಶಾಲೆಯ ಕಚೇರಿಯಲ್ಲಿ ಇರಿಸಲಾಗಿದೆ. ಈ ಸಂಚಿಕೆ ಕೈಸೇರಿದವರು ಮುಂಗಾರಿಗೆ ಮೊದಲು ಬಂದು ಸಹಿ ಹಾಕಬೇಕೆಂದು ಕೋರುತ್ತೇನೆ.