ನ್ಯಾರೋಬೋಟಿಗೆ 300 ಕಿಲೋ ಒಲೆ ಕೂರಿಸುವ ಲೆಕ್ಕ

ಇಂಗ್ಲೆಂಡಿನ ಕಾಲುವೆಗಳ ನ್ಯಾರೋಬೋಟಿಗೆ (ಉದ್ದನೆಯ ಕಿರಿದಾದ ದೋಣಿ) ರೇಬರ್ನ್ ಬ್ರ್ಯಾಂಡಿನಂಥ ಸೌದೆ-ಕಲ್ಲಿದ್ದಲಿನ ರೇಂಜ್ ಕುಕ್ಕರ್ (ಓವನ್ ಇರುವ ದೊಡ್ಡ ಅಡುಗೆ ಒಲೆ) ಹಾಕಬೇಕೆನ್ನುವವರ ಮೊದಲ ಪ್ರಶ್ನೆ, ದೋಣಿ ಮುಳುಗಲ್ಲ ತಾನೇ? ಮುಳುಗಲ್ಲ. 57 ಅಡಿ ಉದ್ದ, 6 ಅಡಿ 10 ಅಂಗುಲ ಅಗಲದ ಉಕ್ಕಿನ ದೋಣಿಗೆ 300 ಕಿಲೋ ಹೇರಿದರೆ ಅದು ನೀರಿಗಿಳಿಯುವುದು ಸುಮಾರು 1 ಸೆಂ.ಮೀ. ಅಷ್ಟೇ. ತೊಂದರೆ ಬರುವುದು ದೋಣಿ ವಾಲುವುದರಿಂದ, ಆಮೇಲೆ ಒಲೆ ಅಲುಗುವುದರಿಂದ.

ಒಲೆ ಒಂದು ಗೋಡೆಗೆ ಹತ್ತಿರ ಕೂರುತ್ತದೆ. ಅದರ ಭಾರದ ಕೇಂದ್ರ ದೋಣಿಯ ನಡುಗೆರೆಯಿಂದ 60 ಸೆಂ.ಮೀ. ದೂರ ಎಂದಿಟ್ಟುಕೊಳ್ಳಿ. ಭಾರವನ್ನು ದೂರದಿಂದ ಗುಣಿಸಿದರೆ, 300 ಕಿಲೋ × 0.6 ಮೀಟರ್, ಅಂದರೆ 180ರಷ್ಟು ವಾಲಿಸುವ ಬಲ. ಇದನ್ನು ಸರಿದೂಗಿಸಲು ಎದುರು ಮಗ್ಗುಲಿನಲ್ಲಿ 90 ಸೆಂ.ಮೀ. ದೂರಕ್ಕೆ ಹೊಸ ಭಾರ ಸೇರಿಸುವುದಾದರೆ 200 ಕಿಲೋ ಬೇಕು. ಆದರೆ ನೆಲದಡಿ ಬ್ಯಾಲಸ್ಟ್ (ದೋಣಿ ಸ್ಥಿರವಾಗಿರಲು ತುಂಬುವ ಭಾರ) ಆಗಿ ಮೊದಲೇ ಇಟ್ಟಿಗೆ ಇರುತ್ತದಲ್ಲ, ಒಲೆಯ ಕಡೆಯಿಂದ 100 ಕಿಲೋ ತೆಗೆದು ಎದುರು ಕಡೆಗೆ ಹಾಕಿದರೆ ಅದೇ ಕೆಲಸವಾಗುತ್ತದೆ, ಏಕೆಂದರೆ ಆ ಭಾರ 1.8 ಮೀಟರ್ ಸರಿದಿರುತ್ತದೆ. ಎಂಜಿನಿಯರಿಂಗ್ ಇಟ್ಟಿಗೆ ಒಂದಕ್ಕೆ ಸುಮಾರು 3 ಕಿಲೋ. ಮೂವತ್ತಮೂರು ಮೂವತ್ತನಾಲ್ಕು ಇಟ್ಟಿಗೆ ಸಾಕು. ಒಲೆ ಬಂದ ಮೇಲೆ ಅದರಡಿಯ ನೆಲ ತೆಗೆಯಲಾಗುವುದಿಲ್ಲ. ಹಾಗಾಗಿ ಆ ಕಡೆಯ ಇಟ್ಟಿಗೆ ಮೊದಲೇ ತೆಗೆದಿಡಿ. ನೀರಿನ ಟ್ಯಾಂಕ್, ಡೀಸೆಲ್ ಟ್ಯಾಂಕ್ ತುಂಬಿಸಿ, ನೆಲಕ್ಕೆ ಅಡ್ಡಲಾಗಿ ರಸಮಟ್ಟ ಇಟ್ಟು ನೋಡಿ. ದೋಣಿ ಮಟ್ಟಕ್ಕೆ ಬಂದ ಮೇಲೆಯೇ ಒಲೆಯ ಕಾಲಿಗೆ ಶಿಮ್ (ಮಟ್ಟ ಮಾಡುವ ತೆಳು ತಗಡು) ಕೊಡಬೇಕು. ಇದನ್ನು ಉದಾಸೀನ ಮಾಡಿದರೆ ಶವರಿನ ನೀರು ಮೂಲೆಯಲ್ಲಿ ನಿಲ್ಲುತ್ತದೆ, ದೋಸೆಹಿಟ್ಟು ಕಾವಲಿಯ ಒಂದೇ ಅಂಚಿಗೆ ಹರಿಯುತ್ತದೆ.

ನೆಲದ ಪ್ಲೈವುಡ್ ಮೇಲೆ ನೇರವಾಗಿ ಕೂರಿಸಬೇಡಿ. ಬೇಸ್‌ಪ್ಲೇಟಿನ (ದೋಣಿಯ ತಳದ ಉಕ್ಕಿನ ಹಾಳೆ) ಮೇಲಿನ ಉಕ್ಕಿನ ಅಡ್ಡಪಟ್ಟಿಗಳ ನಡುವೆ ಒಲೆಯ ಪೀಠಕ್ಕೆ ಸರಿಯಾಗಿ ಇನ್ನೆರಡು ಪಟ್ಟಿ ಸೇರಿಸಿ ಭಾರ ಹಂಚಬೇಕು; ತಳದಲ್ಲಿ ನೀರು ಹರಿಯುವ ದಾರಿ ಮಾತ್ರ ಮುಚ್ಚಬಾರದು. ಪೀಠವನ್ನು ಬೋಲ್ಟ್ ಹಾಕಿ ಬಿಗಿಯುವುದು ಈ ಪಟ್ಟಿಗಳಿಗೆ. ಬೋಲ್ಟಿನ ಉದ್ದ ಎರಡು ಸಲ ಅಳೆಯಿರಿ. ಕೆಳಗಿರುವುದು 10 ಮಿ.ಮೀ. ಉಕ್ಕು, ಅದರ ಕೆಳಗೆ ಕಾಲುವೆ.

ಒಳಗೆ ತರುವುದಕ್ಕೆ ಪಕ್ಕದ ಹ್ಯಾಚ್ (ದೋಣಿಯ ಮಗ್ಗುಲಿನ ಕಿಂಡಿಬಾಗಿಲು) ಒಳ್ಳೆಯದು. ಬಾಗಿಲುಗಳು, ಮುಚ್ಚಳ, ಹಾಟ್‌ಪ್ಲೇಟ್, ಬೆಂಕಿ ಇಟ್ಟಿಗೆ, ಜಾಲರಿ ಎಲ್ಲ ಬಿಚ್ಚಿದರೆ ಭಾರ ಎಷ್ಟೋ ಇಳಿಯುತ್ತದೆ. ಒಲೆ ದೋಣಿಯ ಅಂಚಿಗೆ ಬಂದ ಕ್ಷಣ ದೋಣಿ ಆ ಕಡೆಗೆ ವಾಲಿ ದಡದಿಂದ ಸರಿಯುತ್ತದೆ. ಮೂರು ನಾಲ್ಕು ಹಗ್ಗ ಬಿಗಿಯಾಗಿ ಕಟ್ಟಿರಬೇಕು, ಒಲೆಗೂ ದಡಕ್ಕೂ ನಡುವೆ ಯಾರೂ ನಿಲ್ಲಬಾರದು. ಒಳಗೆ ಹಲಗೆ ಹಾಸಿ ಕಬ್ಬಿಣದ ಪೈಪಿನ ಮೇಲೆ ಉರುಳಿಸಿ.

ಗೋಡೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಪ್ಲೈವುಡ್ ಮೇಲೆ ಟೈಲ್ ಅಂಟಿಸಿದರೆ ಅದು ಅಲಂಕಾರ, ರಕ್ಷಣೆಯಲ್ಲ. ಶಾಖ ಟೈಲ್ ದಾಟಿ ಹೋಗುತ್ತದೆ. ವರ್ಷಗಟ್ಟಲೆ ಕಾದ ಮರ ಒಳಗೊಳಗೇ ಕರಿಯಾಗಿ, ಕೊನೆಗೆ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಅದರ ಹಿಂದೆ ಶಾಖನಿರೋಧಕವಾಗಿರುವುದು ಪಾಲಿಯುರಿಥೇನ್ ಫೋಮ್ ಆದರೆ ಕೇಳುವುದೇ ಬೇಡ. ಒಲೆಯ ಹಿಂದೆ, ಅಕ್ಕಪಕ್ಕ, ಫ್ಲೂ (ಹೊಗೆ ಕೊಳವೆ) ಹಾದುಹೋಗುವ ಕಡೆ ಎಲ್ಲ ಪ್ಲೈ ಮತ್ತು ಫೋಮ್ ಕಿತ್ತು ರಾಕ್‌ವೂಲ್ (ಬೆಂಕಿ ಹತ್ತದ ಕಲ್ಲಿನ ನಾರು) ತುಂಬಿ. ಅದರ ಮುಂದೆ ಗಾಳಿಗೆ 25 ಮಿ.ಮೀ. ಜಾಗ ಬಿಟ್ಟು ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಹಾಕಿ, ಆಮೇಲೆ ಬೇಕಿದ್ದರೆ ಟೈಲ್. ಎಷ್ಟು ಅಂತರ, ಎಷ್ಟು ದಪ್ಪ ಎಂಬುದಕ್ಕೆ ಬಿಎಸ್ 8511 ಎಂಬ ಬ್ರಿಟಿಷ್ ಮಾನದಂಡವಿದೆ (2010ರದು). ಅದನ್ನೂ ತಯಾರಕರ ಕೈಪಿಡಿಯನ್ನೂ ಎದುರಿಗಿಟ್ಟುಕೊಂಡೇ ಅಳತೆ ತೆಗೆಯಿರಿ.

ಫ್ಲೂ ಕಡೆ ಹೆಚ್ಚು ಹೊತ್ತು ಕೊಡಿ. ಮನೆಗೆ ಫ್ಲೂ ಎತ್ತರ 4.5 ಮೀಟರ್ ಇರಲಿ ಎನ್ನುತ್ತಾರೆ; ದೋಣಿಯಲ್ಲಿ ಚಿಮಣಿ ಸೇರಿಸಿದರೂ ಅದರ ಅರ್ಧ ದಾಟುವುದು ಕಷ್ಟ. ಹೊಗೆಯನ್ನು ಮೇಲಕ್ಕೆಳೆಯುವ ಶಕ್ತಿ ಕಡಿಮೆ, ಆದ್ದರಿಂದ ಪೈಪ್ ನೆಟ್ಟಗಿರಲಿ. ತಿರುವು ತಪ್ಪದಿದ್ದರೆ 45 ಡಿಗ್ರಿಗಿಂತ ಹೆಚ್ಚು ಬೇಡ. ಹೊತ್ತಿಸುವಾಗ ಓವನ್ ಡ್ಯಾಂಪರ್ (ಹೊಗೆಯ ದಾರಿ ಬದಲಿಸುವ ತಗಡು) ತೆರೆದಿಟ್ಟು, ಫ್ಲೂ ಬಿಸಿಯಾದ ಮೇಲೆ ಮುಚ್ಚಿ. ಪೈಪಿನ ಸಣ್ಣ ಬಾಯಿ ಕೆಳಮುಖವಾಗಿರಬೇಕು, ಆಗ ಟಾರು ಜೋಡಣೆಯಿಂದ ಹೊರಗೆ ಸೋರದೆ ಒಲೆಗೇ ಇಳಿಯುತ್ತದೆ. ಚಾವಣಿಯ ಮೇಲಿನ ಚಿಮಣಿ ಎರಡು ಪದರದ್ದಾಗಿರಲಿ ಮತ್ತು ಬಿಚ್ಚಲು ಬರುವಂತಿರಲಿ. ಸ್ಟೋಕ್ ಬಳಿಯ ಹೇರ್‌ಕ್ಯಾಸಲ್ ಕಾಲುವೆ ಸುರಂಗದಂಥ ಎತ್ತರ ಕಡಿಮೆಯ ಕಡೆ ಅದನ್ನು ತೆಗೆಯಲೇಬೇಕು.

ಲಾಕಿನ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆ) ಗೇಟಿಗೆ ದೋಣಿ ಡಿಕ್ಕಿ ಹೊಡೆಯುವುದು ಮಾಮೂಲು. ಬಿಗಿಯದ ಒಲೆ ಐದು ಮಿ.ಮೀ. ಸರಿದರೂ ಫ್ಲೂ ಜೋಡಣೆ ಬಾಯಿಬಿಡುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುತ್ತದೆ. ಬಿಗಿದ ಒಲೆಗೂ ಚಾವಣಿಗೂ ನಡುವೆ ಅಲುಗಾಟ ಇದ್ದೇ ಇರುತ್ತದೆ, ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ಲ. ಬರೀ ಫೈರ್ ಸಿಮೆಂಟ್ ಹಾಕಿದರೆ ಬಿರುಕು ಬಿಡುವುದು ಖಂಡಿತ. ಫ್ಲೂ ಒಲೆಗೆ ಸೇರುವ ತುದಿಯಲ್ಲಿ ಸೆರಾಮಿಕ್ ಹಗ್ಗ ತುರುಕಿ ಅದರ ಮೇಲೆ ಫೈರ್ ಸಿಮೆಂಟ್, ಫ್ಲೂ ಚಾವಣಿ ದಾಟುವ ಕಡೆಯ ಕಾಲರಿನಲ್ಲಿ ಹಗ್ಗ ಮತ್ತು ಶಾಖ ತಡೆಯುವ ಸಿಲಿಕೋನ್. ಜೋರು ಡಿಕ್ಕಿಯಾದ ದಿನ ಉರಿಯುವ ಒಲೆಯ ಜೋಡಣೆಗಳ ಸುತ್ತ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಕ್ಕೆ ಸೆಳೆದರೆ ಅಲ್ಲಿ ಸಂದಿ ಇದೆ.

ಬ್ಯಾಕ್ ಬಾಯ್ಲರ್ (ಒಲೆಯೊಳಗೆ ನೀರು ಕಾಯಿಸುವ ತೊಟ್ಟಿ) ಇದ್ದರೆ 28 ಮಿ.ಮೀ. ತಾಮ್ರದ ಪೈಪ್ ಎಲ್ಲೂ ಇಳಿಯದೆ ಏರುತ್ತ ಹೋಗಬೇಕು, ಆವಿ ಹೊರಹೋಗುವ ತೆರೆದ ವೆಂಟ್ ಪೈಪಿಗೆ ವಾಲ್ವ್ ಕೂಡದು. ದೋಣಿ ವಾಲಿದರೆ ಏರುವ ಪೈಪೇ ಇಳಿಜಾರಾಗಿ ಗಾಳಿ ಕಟ್ಟುತ್ತದೆ. ಇಟ್ಟಿಗೆಯ ಲೆಕ್ಕ ಇಲ್ಲಿಗೂ ಬರುತ್ತದೆ. ನೀರಿಲ್ಲದ ಬಾಯ್ಲರಿನ ಮುಂದೆ ಬೆಂಕಿ ಹಾಕಲೇಬೇಡಿ.

ಇಂಧನಕ್ಕೆ ಹೊಗೆರಹಿತ ಬ್ರಿಕೆಟ್ (ಒತ್ತಿ ಮಾಡಿದ ಇಂಧನದ ಉಂಡೆ) ಅಥವಾ ಆಂಥ್ರಸೈಟ್ (ಹೊಗೆ ಕಡಿಮೆಯ ಗಟ್ಟಿ ಕಲ್ಲಿದ್ದಲು). ಮಾಮೂಲಿ ಮನೆಬಳಕೆಯ ಕಲ್ಲಿದ್ದಲಿನ ಚೀಲ ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಮಾರಾಟಕ್ಕಿಲ್ಲ. ಬೂದಿ ಬಕೆಟ್ಟಿನಲ್ಲಿ ಕೆಂಡ ಉಳಿದಿರುತ್ತದೆ, ರಾತ್ರಿ ಅದನ್ನು ಒಳಗಿಡಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ 2019ರ ಏಪ್ರಿಲ್‌ನಿಂದ ಬೋಟ್ ಸೇಫ್ಟಿ ಸ್ಕೀಮ್ ಎಂಬ ದೋಣಿ ಸುರಕ್ಷತಾ ವ್ಯವಸ್ಥೆಯಲ್ಲಿ ಕಡ್ಡಾಯ. ಒಂದನ್ನು ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ, ಇನ್ನೊಂದನ್ನು ಮಲಗುವ ಕಡೆ ದಿಂಬಿನ ಎತ್ತರಕ್ಕೆ ಹಾಕಿ.